ಹೂವಿನ ಚೀಲ ಕೇಳಿಸಿಕೊಂಡ ದನಿ

ಅಂಗಳದ ಹಿತ್ತಾಳೆ ನಳ ಮತ್ತೊಮ್ಮೆ ಕಳುವಾದ ದಿನ ಶಿವಯೋಗಿ ಬೆಂಡಿಗೇರಿ ಮನೆಗೆ ಕ್ಯಾಮೆರಾ ಹಾಕಲೇಬೇಕೆಂದು ತೀರ್ಮಾನಿಸಿದ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪೆಟ್ಟಿಗೆಯನ್ನು ತಂದು ಗೋಡೆಗೆ ತಗುಲಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಅವನಿಗೆ ಅದು ಒಗ್ಗಲಿಲ್ಲ. ಹುಬ್ಬಳ್ಳಿಯ ಒಂದು ಚಿತ್ರಮಂದಿರದಲ್ಲಿ ಚಿತ್ರ ಓಡಿಸುತ್ತಲೇ ಅವನಿಗೆ ತಲೆ ನರೆತಿತ್ತು. ರೀಲು ಇದ್ದಾಗ ರೀಲು, ರೀಲು ಹೋಗಿ ಕಂಪ್ಯೂಟರ್ ಬಂದಮೇಲೆ ಕಂಪ್ಯೂಟರ್. ಪರದೆಯ ಮೂಲೆಯಲ್ಲಿ ಒಂದು ಕೂದಲೆಳೆ ಕುಣಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಗಡಿಯವನು ತೋರಿಸಿದ ಚಿತ್ರದಲ್ಲಿ ಮನುಷ್ಯರ ಮುಖವೆಲ್ಲ ಚೌಕಚೌಕವಾಗಿ ಒಡೆದಿತ್ತು.

"ಇದರಾಗ ಕಳ್ಳನೂ ಒಂದ, ನಮ್ಮ ಮಾವನೂ ಒಂದ. ಮಾರಿನ ಕಾಣೂದಿಲ್ಲ," ಎಂದು ಬರಿಗೈಯಲ್ಲಿ ಬಂದುಬಿಟ್ಟ.

ಆಮೇಲೆ ಮನೆಯ ನಡುಕೋಣೆ ವರ್ಕ್‌ಶಾಪ್ ಆಯಿತು. ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಮಾಲೀಕರಿಗೆ ಹೇಳಿ ತಂದ. ಸಿನೆಮಾ ತುಂಬಿಕೊಂಡು ಬರುತ್ತಿದ್ದ ಹಾರ್ಡ್ ಡಿಸ್ಕುಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಅವುಗಳಲ್ಲಿ ಇನ್ನೂ ಜೀವವಿದ್ದವನ್ನು ಆರಿಸಿ ಹಳೆಯ ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆ ಜೋಡಿಸಿದಂತೆ ಜೋಡಿಸಿದ. ಕಾವು ಹೋಗಲೆಂದು ಹಿಂದೆ ಒಂದು ಟೇಬಲ್ ಫ್ಯಾನು. ಗುಜರಿ ಅಂಗಡಿಯಲ್ಲಿ ಅವನಿಗೆ ಒಂದು ವಿಚಿತ್ರ ಕ್ಯಾಮೆರಾ ಸಿಕ್ಕಿತು. ಯಾವುದೋ ಸೋಡಾ ಕಾರ್ಖಾನೆಯಲ್ಲಿ ಬಾಟಲಿಯ ಬಿರುಕು ಹುಡುಕುತ್ತಿದ್ದ ಕ್ಯಾಮೆರಾ ಅದು. ಮೈಕು ಇರಲಿಲ್ಲ, ಆದರೆ ಕಣ್ಣು ಬಹಳ ಚುರುಕು. ಗೇಟಿನ ಮೇಲಿನ ಸಜ್ಜೆಯಲ್ಲಿ ಅದನ್ನು ಕೂಡಿಸಿ, ಮಳೆ ಬೀಳದಂತೆ ಊಟದ ಡಬ್ಬಿಯ ಮುಚ್ಚಳ ಹೊದಿಸಿ, ವೈರನ್ನು ಪೈಪಿನೊಳಗೆ ಹಾಯಿಸಿ ಒಳಗೆ ತಂದ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ರೆಕಾರ್ಡಿಂಗ್ ಪ್ರೋಗ್ರಾಮನ್ನು ಹಾಕಿದ. ಎದುರು ಏನಾದರೂ ಅಲುಗಾಡಿದರೆ ಮಾತ್ರ ರೆಕಾರ್ಡ್ ಆಗಬೇಕು, ಆದದ್ದನ್ನು ಒಂದಿಷ್ಟೂ ಹಿಂಡಿ ಸಣ್ಣದು ಮಾಡದೆ ಬಂದದ್ದು ಬಂದ ಹಾಗೆಯೇ ಇಡಬೇಕು ಎಂದು ಅದಕ್ಕೆ ಕಲಿಸಿದ.

"ಡಿಸ್ಕ್ ತುಂಬಿ ತುಳಕ್ತಾವಲ್ರೀ," ಎಂದಳು ಹೆಂಡತಿ ನೀಲಾಂಬಿಕಾ. "ಒಂದು ನಳದ ಸಲುವಾಗಿ ಇಡೀ ಥೇಟರ್ ಮನಿಯಾಗ ತಂದಿಟ್ಟೀರಿ."

"ತುಂಬಲಿ. ಇನ್ನೊಂದು ತರ್ತೀನಿ."

"ಮತ್ತ ನನ್ನ ಪಾತ್ರಿ ಎಲ್ಲಿ ಇಡ್ಲಿ? ನಿಮ್ಮ ತಲಿ ಮ್ಯಾಲ?"

ನೀಲಾಂಬಿಕಾಳ ದನಿ ದಪ್ಪ, ಗಡಸು. ಅವಳು ನಡುಮನೆಯಲ್ಲಿ ಮಾತಾಡಿದರೆ ಓಣಿಯ ಆ ತುದಿಯ ಹಿಟ್ಟಿನ ಗಿರಣಿಯಲ್ಲಿ ಕೇಳುತ್ತಿತ್ತು. ಶಾಲೆಯಲ್ಲಿ ಗೆಳತಿಯರು 'ಗಂಡು ದನಿ' ಎಂದು ಆಡಿಕೊಂಡಿದ್ದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಹಾಗಾಗಿ ಯಾರಾದರೂ ಫೋನು ಎತ್ತಿ ವಿಡಿಯೋ ಶುರುಮಾಡಿದರೆ ಸಾಕು, ಬಾಯಿಗೆ ಸೆರಗು ಅಡ್ಡ ಹಿಡಿದು ಸುಮ್ಮನಾಗುತ್ತಿದ್ದಳು. ಫೋನಿನಲ್ಲಿ ದನಿ ಕಳಿಸುವುದಂತೂ ದೂರವೇ ಉಳಿಯಿತು. ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಅಲ್ಲಿ ಗದರಿಸುವುದಕ್ಕೆ, ಗೇಟಿನ ಬಳಿ ಪಕ್ಕದ ಮನೆಯ ಪ್ರೇಮಕ್ಕನ ಜೊತೆ ಹರಟುವುದಕ್ಕೆ ಮಾತ್ರ ಆ ದನಿ ಬೇಕಾದಷ್ಟು ಇತ್ತು.

ವರ್ಷ ಕಳೆಯುತ್ತ ಬಂದರೂ ಕ್ಯಾಮೆರಾಕ್ಕೆ ಕಳ್ಳ ಸಿಗಲಿಲ್ಲ. ಹೂವಿನವಳು ದಿನಾ ಬೆಳಿಗ್ಗೆ ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ ತೆಳು ಪ್ಲಾಸ್ಟಿಕ್ ಚೀಲದಿಂದ ಒಂದು ಬಿಡಾಡಿ ದನ ಸೇವಂತಿಗೆ ತಿಂದದ್ದು ಮಾತ್ರ ಸಿನೆಮಾದಷ್ಟು ಸ್ಪಷ್ಟವಾಗಿ ಸಿಕ್ಕಿತು. ಶಿವಯೋಗಿ ಅದನ್ನೇ ಓಣಿಯವರಿಗೆಲ್ಲ ಹೆಮ್ಮೆಯಿಂದ ತೋರಿಸಿದ. "ನೋಡ್ರಿ, ಅದರ ಮೀಸಿ ಸೈತ ಎಣಸಬಹುದು," ಎನ್ನುತ್ತಿದ್ದ.

ಅದೇ ವರ್ಷದ ಕೊನೆಗೆ ನೀಲಾಂಬಿಕಾಳ ಗಂಟಲು ಕಟ್ಟಿತು. ಮೊದಲು ನೆಗಡಿ ಎಂದರು, ಆಮೇಲೆ ಗಂಟು ಎಂದರು, ಕೊನೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ಜೀವ ಉಳಿಯಿತು. ಅವಳು ಕತ್ತಿನ ಕೆಳಗಿನ ಸಣ್ಣ ರಂಧ್ರದಿಂದ ಉಸಿರಾಡುವುದನ್ನು ಕಲಿತಳು. ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಒಲೆ ಕಟ್ಟೆ ಒರೆಸಿದ್ದು. ಮನೆ ಮಾತ್ರ ಸದ್ದಡಗಿ ಕೂತಿತ್ತು.

ಆಗ ದನಿ ಕಳೆದುಕೊಂಡವರಿಗೆ ಮಾತು ಕೊಡುವ ಹೊಸ ಪಟ್ಟಿಯೊಂದು ಆಸ್ಪತ್ರೆಗಳಿಗೆ ಬಂದಿತ್ತು. ಗದ್ದದ ಕೆಳಗೆ ಅಂಟಿಸಿಕೊಂಡು ಬಾಯಿ ಆಡಿಸಿದರೆ ಸಾಕು. ಸ್ನಾಯುಗಳು ಆಡುವ ರೀತಿಯಿಂದ ಅದು ಮಾತು ಊಹಿಸಿ, ಸೆರಗಿಗೆ ಸಿಕ್ಕಿಸಿದ ಗುಂಡಿಯಷ್ಟು ಸ್ಪೀಕರಿನಿಂದ ನುಡಿಯುತ್ತಿತ್ತು. ಆದರೆ ಅದರ ದನಿ ರೈಲ್ವೆ ಸ್ಟೇಶನ್ನಿನ ದನಿ. ನೀಲಾಂಬಿಕಾ "ಚಾ ಕುಡೀರಿ" ಎಂದು ಬಾಯಾಡಿಸಿದರೆ ಅದು ತಣ್ಣಗೆ, "ಚಹಾ ಕುಡಿಯಿರಿ" ಎಂದಿತು. ಶಿವಯೋಗಿ ತಲೆಯೆತ್ತಿ ಯಾವ ಪ್ಲಾಟ್‌ಫಾರ್ಮು ಎಂದು ಕೇಳಿಬಿಟ್ಟ. ಅವಳು ನಕ್ಕಳು. ನಕ್ಕು ಪಟ್ಟಿಯನ್ನು ಬಿಚ್ಚಿ ಡಬ್ಬಿಗೆ ಹಾಕಿದಳು, ಮತ್ತೆ ತೆಗೆಯಲಿಲ್ಲ. ಮಕ್ಕಳು ಬರೆಯುವ ಪಾಟಿಯೊಂದನ್ನು ಕೊರಳಿಗೆ ಹಾಕಿಕೊಂಡಳು.

"ಹಳೇ ದನಿ ಎಲ್ಲಾದ್ರೂ ರೆಕಾರ್ಡ್ ಆಗಿದ್ರ ತರ್ರಿ," ಎಂದರು ಆಸ್ಪತ್ರೆಯಲ್ಲಿ ಮಾತು ಕಲಿಸುವವರು. "ಪಟ್ಟಿಗೆ ಅದನ್ನ ಕಲಿಸಬಹುದು. ಆಗ ಅವರ ದನಿಯಾಗ, ಅವರ ಭಾಷಿಯಾಗ ಮಾತಾಡ್ತದ."

ಹುಡುಕಿದರು. ಮದುವೆಯ ವಿಡಿಯೋದಲ್ಲಿ ಉದ್ದಕ್ಕೂ ವಾಲಗ. ನೆಂಟರ ಫೋನುಗಳಲ್ಲಿ ಅವಳು ಇದ್ದಲ್ಲೆಲ್ಲ ಬಾಯಿಗೆ ಸೆರಗು. ಶಿವಯೋಗಿ ಸೋತು ಕೂತು, "ವರ್ಷಪೂರ್ತಿ ಗೇಟಿನಾಗ ನಿಂತು ಮಾತಾಡ್ಯಾಳ್ರಿ. ಚಿತ್ರ ಎಲ್ಲ ಅದ. ಏನ್ ಮಾಡೋದು, ಮೂಕ ಚಿತ್ರ," ಎಂದ.

ಮಾತು ಕಲಿಸುವವರು ಧಾರವಾಡದ ಆಚೆ ಗುಡ್ಡದ ಮೇಲಿನ ಪ್ರಯೋಗಾಲಯದ ವಿಳಾಸ ಕೊಟ್ಟರು. ಅಲ್ಲಿ ಡಾಕ್ಟರ್ ರುಬೀನಾ ಮುಲ್ಲಾ ಎಂಬ ವಿಜ್ಞಾನಿ ಸೇತುವೆಗಳ ವಿಡಿಯೋ ತೆಗೆದು, ಕಣ್ಣಿಗೆ ಕಾಣದ ಅವುಗಳ ನಡುಕವನ್ನು ಅಳೆದು ಬಿರುಕು ಹುಡುಕುತ್ತಿದ್ದಳು.

ಎರಡು ಡಿಸ್ಕುಗಳನ್ನು ಟವೆಲಿನಲ್ಲಿ ಸುತ್ತಿ ಸಂತೆ ಚೀಲದಲ್ಲಿ ಇಟ್ಟುಕೊಂಡು ಶಿವಯೋಗಿ ಬಸ್ಸು ಹತ್ತಿದ. ರುಬೀನಾ ವಿಜಯಪುರದ ಕಡೆಯ ಹೆಣ್ಣುಮಗಳು, ಮೂವತ್ತೈದರ ಆಸುಪಾಸು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕೆಲಸ ಮಾಡುವವಳು. ಮೊದಲು ಅರ್ಧ ಮನಸ್ಸಿನಿಂದಲೇ ಡಿಸ್ಕನ್ನು ಜೋಡಿಸಿದಳು. ಚಿತ್ರ ತೆರೆದ ಕೂಡಲೇ ಕಾಲು ಕೆಳಗಿಟ್ಟಳು.

"ಕಾಕಾ, ಇದನ್ನ ಹಿಂಡೇ ಇಲ್ಲಲ್ರಿ ನೀವು!"

"ಹಿಂಡಿದ್ರ ಚಿತ್ರ ಕೆಡ್ತದಲ್ಲವಾ."

"ಕೆಡೂದಷ್ಟ ಅಲ್ಲ. ಎಲ್ಲಾ ಪೆಟಗಿಗೋಳು ಸಣ್ಣ ನಡುಕ ಅಂದ್ರ ಕಸ ಅಂತ ಗುಡಿಸಿ ಒಗೀತಾವ. ನನಗ ಬೇಕಾಗಿದ್ದು ಆ ಕಸಾನ."

ಅವಳು ಪರದೆಯ ಮೇಲೆ ಗೇಟಿಗೆ ತೂಗುತ್ತಿದ್ದ ಹೂವಿನ ಚೀಲವನ್ನು ದೊಡ್ಡದು ಮಾಡಿದಳು. ಮಾತು ಎಂದರೆ ಗಾಳಿಯ ಅಲುಗಾಟ. ಆ ಅಲೆ ತೆಳು ಪ್ಲಾಸ್ಟಿಕ್ಕಿಗೆ ಬಡಿದರೆ ಅದೂ ನಡುಗುತ್ತದೆ, ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕ್ಯಾಮೆರಾ ಪ್ರತಿ ಚಿತ್ರವನ್ನೂ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಓದುತ್ತದೆ, ಸೆಕೆಂಡಿಗೆ ಸಾವಿರ ಸಾವಿರ ಗೆರೆ. ಒಂದು ಗೆರೆಗೂ ಮುಂದಿನ ಗೆರೆಗೂ ನಡುವೆ ಚೀಲದ ಅಂಚು ಎಷ್ಟು ಸರಿಯಿತು ಎಂದು ಲೆಕ್ಕ ಹಾಕಿದರೆ, ಆ ನಡುಕವೇ ಮತ್ತೆ ದನಿಯಾಗುತ್ತದೆ. ಪ್ರಯೋಗಾಲಯಗಳಲ್ಲಿ ಇದು ಆಗಿತ್ತು, ಬೆಲೆಬಾಳುವ ಕ್ಯಾಮೆರಾಗಳಿಂದ, ಎರಡು ಮೂರು ವಾಕ್ಯದ ಮಟ್ಟಿಗೆ. ಒಂದು ಮನೆಯ ವರ್ಷದ ಹರಟೆಯನ್ನು ಹೀಗೆ ಮರಳಿ ತೆಗೆದವರು ಯಾರೂ ಇರಲಿಲ್ಲ.

ಕಂಪ್ಯೂಟರುಗಳು ಮರುದಿನದವರೆಗೆ ದುಡಿದವು. ಶಿವಯೋಗಿ ಮತ್ತೆ ಹೋದಾಗ ರುಬೀನಾ ಸ್ಪೀಕರು ತಿರುಗಿಸಿದಳು. ಮೊದಲು ಬರೀ ಸುಯ್ಯೆನ್ನುವ ಸದ್ದು. ಅದರೊಳಗಿಂದ, ಬಾವಿಯ ತಳದಿಂದ ಬಂದಂತೆ, ಒಂದು ದಪ್ಪ ದನಿ ಎದ್ದಿತು:

"...ಸೇವಂತಗಿ ಇವತ್ತ ಬಾಡ್ಯಾವ ನೋಡ್ರಿ ಪ್ರೇಮಕ್ಕ..."

ಶಿವಯೋಗಿ ಎದ್ದು ನಿಂತ. ಯಾಕೆ ಎದ್ದನೆಂದು ಅವನಿಗೇ ತಿಳಿಯಲಿಲ್ಲ. ಹೊರಗೆ ಯಾರೋ ಕರೆದಂತೆ ಬಾಗಿಲ ಕಡೆ ನೋಡಿದ. ರುಬೀನಾ ಅವನ ಮುಖ ನೋಡಿ ಮುಂದಿನದನ್ನೂ ಓಡಿಸಿದಳು. ಅದೊಂದು ಅವಳ ತಪ್ಪಾಯಿತು, ಅವಳಿಗಾದರೂ ಏನು ಗೊತ್ತು?

"...ಗಂಟಲದಾಗ ಏನೋ ಸಿಕ್ಕೊಂಡಂಗ ಆಗ್ತದ್ರಿ. ತಿಂಗಳಾತು. ಇವರ ಮುಂದ ಹೇಳಬ್ಯಾಡ್ರಿ ಮತ್ತ..."

ಬಸ್ಸಿನಲ್ಲಿ ಅವನಿಗೆ ಕೂರಲು ಜಾಗ ಸಿಕ್ಕರೂ ನಿಂತೇ ಬಂದ. ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪ್ರೇಮಕ್ಕಗ ಹೇಳ್ದಿ. ನನಗ ಯಾಕ ಹೇಳ್ಲಿಲ್ಲ?" ಎಂದ.

ನೀಲಾಂಬಿಕಾ ರೊಟ್ಟಿ ತಟ್ಟುತ್ತಿದ್ದಳು. ಅವನು ಏನು ಕೇಳಿಬಂದಿದ್ದಾನೆಂದು ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಕೈ ಒರೆಸಿಕೊಂಡು ಪಾಟಿಯಲ್ಲಿ ಬರೆದಳು: 'ಕದ್ದು ಕೇಳೂದು ಯಾವಾಗ ಕಲತ್ರಿ?'

"ಚೇಷ್ಟೆ ಬ್ಯಾಡ ನೀಲಾ. ಒಂದು ತಿಂಗಳು ಮೊದಲ ತೋರಿಸಿದ್ರ—"

ಅವಳು ಕೈಯೆತ್ತಿ ತಡೆದಳು. ಒರೆಸಿ ಮತ್ತೆ ಬರೆದಳು: 'ತಿಂಗಳಿನಾಗ ಏನೂ ಬದಲಾಗತಿದ್ದಿಲ್ಲಂತ ಡಾಕ್ಟರೇ ಹೇಳ್ಯಾರ.' ಮತ್ತೆ ಒರೆಸಿದಳು. ಈ ಸಲ ನಿಧಾನಕ್ಕೆ ಬರೆದಳು: 'ಥೇಟರ್ ಶೋ ಕಡಿಮಿ ಆದಾಗಿಂದ ನೀವು ನಕ್ಕಿದ್ದಿಲ್ಲ. ಆ ಮಷೀನ್ ಕಟ್ಟಿದ ಮ್ಯಾಲ ಸೀಟಿ ಹೊಡಿತಿದ್ರಿ. ಕೆಡಸೂ ಮನಸ್ಸಾಗಲಿಲ್ಲ.'

ಶಿವಯೋಗಿ ಆ ಅಕ್ಷರಗಳನ್ನು ನೋಡುತ್ತ ನಿಂತ. ಸಿಟ್ಟು ಇತ್ತು, ಇಳಿಯಲಿಲ್ಲ. ಆದರೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವನು ಚಪ್ಪಲಿ ಕಳೆದು ಒಳಗೆ ಬಂದು ಅದನ್ನು ತಿರುವಿಹಾಕಿದ. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಮಲಗುವ ಮುಂಚೆ ಅವನು, "ಇನ್ನ ಮ್ಯಾಲ ಏನಾದ್ರೂ ಆದ್ರ ಮೊದಲ ನನಗ," ಎಂದ. ಅವಳು ಹೂಂ ಎಂದು ತಲೆಯಾಡಿಸಿದಳು.

ಸುದ್ದಿ ಓಣಿಗೆ ಹಬ್ಬಲು ಹೊತ್ತು ಬೇಕಾಗಲಿಲ್ಲ. ಮೊದಲು ಓಡಿ ಬಂದವಳು ಪ್ರೇಮಕ್ಕ, ಕೈಯಲ್ಲಿ ಸೌಟು ಹಾಗೇ ಇತ್ತು.

"ಶಿವಯೋಗಣ್ಣ, ನನ್ನ ಮಾತೂ ಅದರಾಗ ಅದಾವಂತಲ್ಲ? ನಾ ನಮ್ಮ ಸೊಸಿ ಬಗ್ಗೆ ಏನೇನ ಅಂದೀನೋ ದೇವರಿಗೇ ಗೊತ್ತು! ಬಾಣಂತನಕ್ಕ ಕರಕೊಂಡ ಬಂದೀನಿ ಅಕಿನ್ನ. ಅಕಿ ಕೇಳಿದ್ರ ನನ್ನ ಗತಿ?"

ಅವಳ ಹಿಂದೆಯೇ ಇತರರೂ ಬಂದರು. ಆ ಗೇಟಿನ ಬಳಿ ನಿಂತು ಓಣಿಯ ಅರ್ಧ ಜನ ಇನ್ನರ್ಧ ಜನರ ಬಗ್ಗೆ ಆಡಿಕೊಂಡಿದ್ದರು. ಮರುದಿನ ಗೇಟುಗಳ ಮೇಲಿನ ಪ್ಲಾಸ್ಟಿಕ್ ಚೀಲಗಳು ಮಾಯವಾಗಿ ದಪ್ಪ ಗೋಣಿಚೀಲಗಳು ತೂಗಿದವು. ಮನೆಗೆ ಕ್ಯಾಮೆರಾ ಇದ್ದವರನ್ನು ಕಂಡರೆ ಜನ ಪಿಸುಗುಟ್ಟತೊಡಗಿದರು. ಒಬ್ಬರ ಮುಖ ಒಬ್ಬರು ನೋಡದೆ ಹೋಗುವುದೂ ಶುರುವಾಯಿತು. ವರ್ಷಾನುಗಟ್ಟಲೆ ಗಲಗಲ ಎನ್ನುತ್ತಿದ್ದ ಓಣಿ ನಾಲ್ಕೇ ದಿನದಲ್ಲಿ ಗಪ್ಪಾಯಿತು.

ನೀಲಾಂಬಿಕಾಳಿಗೆ ಇದನ್ನು ಸಹಿಸಲಾಗಲಿಲ್ಲ. ಗಂಡನನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟಳು. ರುಬೀನಾಳ ಎದುರು ಕೂತು ಪಾಟಿ ತುಂಬ ಬರೆದಳು, ಒರೆಸಿದಳು, ಮತ್ತೆ ಬರೆದಳು. ತನ್ನ ದನಿಯ ಎತ್ತರ ಕಂಪ್ಯೂಟರಿಗೆ ಈಗ ಗೊತ್ತಿದೆ. ಅದು ತನ್ನದನ್ನು ಮಾತ್ರ ಆರಿಸಿಕೊಳ್ಳಲಿ. ಆರಿಸುವಾಗ ಮನುಷ್ಯರಾರೂ ಕೇಳಬಾರದು, ಗಂಡನೂ ಸಹ. ಆದಮೇಲೆ ಎಲ್ಲವನ್ನೂ ಅಳಿಸಬೇಕು.

"ಅಳಸೂದು ಬ್ಯಾಡ," ಎಂದ ಶಿವಯೋಗಿ. "ಈಗ ಸಿಕ್ಕಿದ್ದು ಅರ್ಧಮರ್ಧ ಅಂತ ಇವರೇ ಅಂತಾರ. ನಾಳೆ ಇನ್ನೂ ಛಲೋ ಯಂತ್ರ ಬಂದ್ರ ಇನ್ನೂ ತಿಳಿಯಾಗಿ ತೆಗೀಬಹುದು. ನಿನ್ನ ದನಿ ಇರೂದು ಇಡೀ ಜಗತ್ತಿನಾಗ ಅದೊಂದ ಕಡೆ."

ರುಬೀನಾಳೂ ಹೌದೆಂದು ತಲೆಯಾಡಿಸಿದಳು. ಅವಳಿಗೂ ಆ ಡಿಸ್ಕುಗಳು ಬೇಕಾಗಿದ್ದವು. ಅಂಥ ದಾಖಲೆ ಬೇರೆ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

ನೀಲಾಂಬಿಕಾ ಬರೆದಳು: 'ದನಿ ಬಂದ ಮ್ಯಾಲ ಮಾತಾಡಾಕ ಮಂದಿ ಬೇಕಲ್ರೀ?'

ಕೊನೆಗೆ ಇಬ್ಬರೂ ಒಪ್ಪಿದರು, ರುಬೀನಾ ತನ್ನ ಬಳಿಯ ನಕಲನ್ನೂ ಅಳಿಸುವೆನೆಂದಳು.

ಕಂಪ್ಯೂಟರು ತನ್ನ ಪಾಡಿಗೆ ಆರಿಸಿತು. ಚೀಲಕ್ಕೆ ಹಿಡಿಯಲಾಗದೆ ಬಿಟ್ಟುಹೋಗಿದ್ದ 'ಸ', 'ಶ'ದಂಥ ಸಣ್ಣ ಸದ್ದುಗಳನ್ನು ರೋಣದಲ್ಲಿದ್ದ ಅವಳ ತಂಗಿಯ ದನಿಯಿಂದ ಎರವಲು ತಂದು ತೇಪೆ ಹಾಕಿದರು. ಆಮೇಲೆ ಡಿಸ್ಕುಗಳನ್ನು ಅಳಿಸುವ ದಿನ ಶಿವಯೋಗಿ ಪ್ರೇಮಕ್ಕನನ್ನೂ ಓಣಿಯ ಇನ್ನಿಬ್ಬರನ್ನೂ ನಡುಕೋಣೆಗೆ ಕರೆದ. ಅವರ ಕಣ್ಣೆದುರೇ ಒಂದೊಂದಾಗಿ ಖಾಲಿ ಮಾಡಿದ. ಕೊನೆಯದಕ್ಕೆ ಗುಂಡಿ ಒತ್ತುವಾಗ ಬೆರಳು ತಡೆಯಿತು. ನೀಲಾಂಬಿಕಾ ಹಿಂದಿನಿಂದ ಬಂದು ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

ಅಷ್ಟಕ್ಕೇ ಅವನು ಬಿಡಲಿಲ್ಲ. ರೆಕಾರ್ಡಿಂಗ್ ಪ್ರೋಗ್ರಾಮಿಗೆ ಇನ್ನೊಂದು ಪಾಠ ಕಲಿಸಿದ. ಬರುವ ಪ್ರತಿ ಗೆರೆಯನ್ನೂ ಮನಬಂದಂತೆ ಒಂದು ಕೂದಲೆಳೆಯಷ್ಟು ಆಚೀಚೆ ಸರಿಸಿಯೇ ಡಿಸ್ಕಿಗೆ ಬರೆಯಬೇಕು. ಕಣ್ಣಿಗೆ ಚಿತ್ರ ಮೊದಲಿನಂತೆಯೇ ಇರುತ್ತದೆ, ಆದರೆ ಅದರಿಂದ ಮಾತು ಹೆಕ್ಕುವುದು ಯಾರಿಂದಲೂ ಆಗದು. ಚಿತ್ರದಲ್ಲಿ ಕೂದಲೆಳೆ ಕುಣಿದರೆ ಸಹಿಸದವನು ತಾನೇ ಕೈಯಾರೆ ಕುಣಿಸಿದ. ರುಬೀನಾ ಅದನ್ನು ಪರೀಕ್ಷಿಸಿ ತಲೆದೂಗಿದಳು. ತನ್ನ ಪ್ರಬಂಧದಲ್ಲಿ ಕೇಳುವ ವಿಧಾನದ ಜೊತೆಗೆ ಕಿವಿ ಮುಚ್ಚುವ ವಿಧಾನವನ್ನೂ ಬರೆದಳು. ಬರುಬರುತ್ತ ಕ್ಯಾಮೆರಾ ಪೆಟ್ಟಿಗೆಗಳು 'ಕಿವುಡು' ಎಂಬ ಚೀಟಿ ಅಂಟಿಸಿಕೊಂಡೇ ಮಾರಾಟಕ್ಕೆ ಬಂದವು. ಓಣಿಯ ಕ್ಯಾಮೆರಾಗಳನ್ನೆಲ್ಲ ಶಿವಯೋಗಿಯೇ ಮನೆಮನೆಗೆ ಹೋಗಿ ಕಿವುಡು ಮಾಡಿಕೊಟ್ಟ. ಹೋದಲ್ಲೆಲ್ಲ ಚಹಾ ಆಯಿತು, ಚಹಾದ ಜೊತೆ ಮಾತೂ ಮರಳಿತು.

ಹೊಸ ದನಿ ತುಂಬಿದ ಪಟ್ಟಿಯನ್ನು ಪ್ರಯೋಗಾಲಯದಲ್ಲಿ ನೀಲಾಂಬಿಕಾಳ ಗದ್ದಕ್ಕೆ ಅಂಟಿಸಿದ ದಿನ ಇನ್ನೊಂದು ತೊಡಕು ಎದುರಾಯಿತು. ಅವಳು ಬಾಯಾಡಿಸಿದಳು. "ಕೇಳಸ್ತದೇನ್ರೀ?" ಎಂದಿತು ದನಿ. ದಪ್ಪ, ಗಡಸು, ಸ್ವಲ್ಪ ಬಿರುಸು. ಶಿವಯೋಗಿಯ ಕಣ್ಣು ತುಂಬಿತು. "ಹೌದು, ಇದ, ಇದ!" ಎಂದ.

ನೀಲಾಂಬಿಕಾಳ ಮುಖ ಮಾತ್ರ ಇಳಿಯಿತು. ಪಟ್ಟಿ ಬಿಚ್ಚಿ, ಪಾಟಿಯಲ್ಲಿ ಬರೆದಳು: 'ಇದು ನಾನಲ್ಲ. ಯಾರಿದು?'

ಶಿವಯೋಗಿ ಪಾಟಿಯನ್ನು ಎರಡು ಸಲ ಓದಿದ. ಇಷ್ಟೆಲ್ಲ ಮಾಡಿಯೂ ಹೀಗಾಯಿತೇ? ಆದರೆ ರುಬೀನಾ ಹಣೆ ಬಡಿದುಕೊಂಡು ನಕ್ಕಳು.

"ತಪ್ಪು ನಂದು ಕಾಕು. ನಮ್ಮ ದನಿ ಮಂದಿಗೆ ಗಾಳಿಯಿಂದಷ್ಟ ಮುಟ್ತದ. ನಮಗ ಗಾಳಿಯಿಂದನೂ ಬರ್ತದ, ತಲಿ ಎಲುಬಿನಿಂದನೂ ಬರ್ತದ. ಕಾಕಾಗ ಗೊತ್ತಿದ್ದ ನೀಲಾಂಬಿಕಾ ಬ್ಯಾರೆ, ನಿಮಗ ಗೊತ್ತಿದ್ದ ನೀಲಾಂಬಿಕಾ ಬ್ಯಾರೆ. ಚೀಲಕ್ಕ ಕಾಕಾನ ನೀಲಾಂಬಿಕಾನ ಸಿಕ್ಕಾಳ."

ಅವಳು ಒಂದು ಪುಟ್ಟ ಬಿಲ್ಲೆಯನ್ನು ತಂದು ನೀಲಾಂಬಿಕಾಳ ಕಿವಿಯ ಹಿಂದೆ, ಎಲುಬಿಗೆ ತಾಗುವಂತೆ ಕೂಡಿಸಿದಳು. ಹೊರಗೆ ಸ್ಪೀಕರಿನಿಂದ ಒಂದು ದನಿ, ಒಳಗೆ ಎಲುಬಿಗೆ ಇನ್ನೊಂದು. "ನಿಮಗ ನೆನಪಿರೂ ಹಂಗ ಆಗೂತನಕ ಕೈ ಮಾಡ್ರಿ," ಎಂದಳು. ನೀಲಾಂಬಿಕಾ ಕಣ್ಣು ಮುಚ್ಚಿ ಕೂತಳು. ಹೆಬ್ಬೆರಳು ಕೆಳಗಾದರೆ ರುಬೀನಾ ದನಿಯನ್ನು ತಗ್ಗಿಸುವಳು, ಮೇಲಾದರೆ ಏರಿಸುವಳು. ಇನ್ನಷ್ಟು ಮಂದ. ಇಲ್ಲ, ಹೆಚ್ಚಾಯಿತು. ಸ್ವಲ್ಪ ಗುಂಯ್ ಎನ್ನಲಿ. ಹೀಗೇ ಬಹಳ ಹೊತ್ತು ನಡೆಯಿತು. ಒಂದು ಹಂತದಲ್ಲಿ ಹೆಬ್ಬೆರಳು ಅಲುಗದೆ ನಿಂತಿತು.

ಅವಳು ಕಣ್ಣು ತೆರೆದು ಗಂಡನ ಕಡೆ ತಿರುಗಿದಳು. ಮೊದಲ ಮಾತು ಏನಿರಬಹುದೆಂದು ಶಿವಯೋಗಿ ಮುಂದೆ ಬಾಗಿದ.

"ರೀ, ಗ್ಯಾಸ್ ಆರಿಸಿ ಬಂದೀವೇನ್ರೀ?"

ರುಬೀನಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಶಿವಯೋಗಿ ನಗುತ್ತಲೇ, "ಆರಿಸೀನಿ ಮಾರಾಯ್ತಿ, ಆರಿಸೀನಿ," ಎಂದ. ನೀಲಾಂಬಿಕಾ ಅದೇ ಮಾತನ್ನು ಇನ್ನೂ ಎರಡು ಸಲ ಕೇಳಿದಳು, ಉತ್ತರಕ್ಕಾಗಿ ಅಲ್ಲ.

ಪ್ರೇಮಕ್ಕನ ಸೊಸೆ ಹೆಣ್ಣು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಪ್ರೇಮಕ್ಕನಿಗೆ ಹೆಣ್ಣುಮಕ್ಕಳಿರಲಿಲ್ಲ. ಅವಳು ನೇರ ಬಂದು ನೀಲಾಂಬಿಕಾಳ ಕೈ ಹಿಡಿದು, "ನೀನ ಅತ್ತಿ ಆಗಬೇಕವಾ," ಎಂದಳು. ನೀಲಾಂಬಿಕಾ ಬೇಡವೆಂದಳು, ಯಂತ್ರದ ಮಾತಿನಿಂದ ಹೆಸರು ಇಡುತ್ತಾರೇನು ಎಂದಳು. ಪ್ರೇಮಕ್ಕ ಬಿಡಲಿಲ್ಲ.

ಹೆಸರು ಅವತ್ತಿನವರೆಗೂ ಗುಟ್ಟು. ಕಿವಿಯಲ್ಲಿ ಹೇಳಿದ ಮೇಲೆಯೇ ಎಲ್ಲರಿಗೂ ತಿಳಿಯಬೇಕು. ನೀಲಾಂಬಿಕಾ ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಗೆ ತುಟಿ ತಂದು ಮೆಲ್ಲಗೆ ಬಾಯಾಡಿಸಿದಳು. ಆದರೆ ಪಟ್ಟಿಗೆ ಗೊತ್ತಿದ್ದದ್ದು ಗೇಟಿನ ಬಳಿಯ ದನಿ ಮಾತ್ರ. ಪಿಸುಮಾತು ಯಾವ ಚೀಲವನ್ನೂ ಅಲುಗಿಸಿರಲಿಲ್ಲ.

"ಇಂದುಮತಿ!" ಎಂದಿತು ಅದು, ಹಿಟ್ಟಿನ ಗಿರಣಿಯವರೆಗೂ ಕೇಳುವಂತೆ.

ಕೂಸು ಬೆಚ್ಚಿ ಕಣ್ಣರಳಿಸಿತು. ಬಾಗಿಲಾಚೆ ಗಂಡಸರ ನಡುವೆ ನಿಂತಿದ್ದ ಶಿವಯೋಗಿ ಒಳಗೆ ಇಣುಕಿದ.

ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರೆಲ್ಲ ಗುದ್ದುವುದು ಅಲ್ಲಿನ ಪದ್ಧತಿ. ಮುಷ್ಟಿ ಮೇಲೆತ್ತಿದ್ದ ಕೈಗಳು ಹಾಗೇ ನಿಂತಿದ್ದವು. ಶಸ್ತ್ರಚಿಕಿತ್ಸೆಯಾದಾಗಿನಿಂದ ಅವರು ಅವಳನ್ನು ಗಾಜಿನ ಪಾತ್ರೆಯಂತೆ ಮುಟ್ಟುತ್ತಿದ್ದರು. ಪ್ರೇಮಕ್ಕ ಎತ್ತಿದ ಕೈಯನ್ನು ಇಳಿಸಿ, ಬೆನ್ನು ಮೆಲ್ಲಗೆ ಸವರಲು ಹೋದಳು.

ನೀಲಾಂಬಿಕಾ ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿದಳು.

"ಏನ್ ನೋಡಕೋತ ನಿಂತೀರಿ? ಕೈಯಾಗ ಕಸುವಿಲ್ಲೇನ? ಗುದ್ದ್ರಿ!"

ಅವರು ಗುದ್ದಿದರು. ಪ್ರೇಮಕ್ಕ ಎರಡೂ ಕೈಯಿಂದ ಗುದ್ದಿದಳು. ಬಳೆಗಳ ಸದ್ದು, ನಗು, ಕೂಸಿನ ಅಳು ಎಲ್ಲದರ ಮೇಲೆ ಆ ಗಡಸು ದನಿ "ಅಯ್ಯಯ್ಯ, ಸಾಕ್ರೇ, ಸಾಕು, ಸೊಂಟ ಮುರಿತೀರಿ!" ಎಂದು ಒದರುತ್ತಲೇ ಇತ್ತು. ಹೊರಗೆ ಯಾರೋ ಶಿವಯೋಗಿಗೆ ಏನೋ ಕೇಳಿದರು. ಒಳಗಿನ ಗದ್ದಲದಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ.